ಒಂದಿಂಚು

ನಗರಸಭೆಯ ಕಡತದಲ್ಲಿ ಈ ಮನೆಗೆ ಎರಡೇ ಕೋಣೆ.
ಮೂರನೆಯದರಲ್ಲಿ ನಿಂತುಕೊಂಡೇ ನಾನದನ್ನು ಓದಿದೆ.

ಫ್ರೆಸ್ನೋದ ಜುಲೈ. ಬಿಸಿಲಿಗೆ ಬಸ್ಸಿನ ಸ್ಟೀರಿಂಗು ಮುಟ್ಟಲಾಗದ ತಿಂಗಳು.
ಅಡುಗೆಮನೆಯಿಂದ ಒಂದು ಮೆಟ್ಟಿಲು ಇಳಿದರೆ
ಕಡತಕ್ಕೆ ಕಾಣದ ಕೋಣೆ:
ಒಂದು ಬದಿಗೆ ಇನ್ನೂ ಹೊರಗೋಡೆಯ ಹಲಗೆಗಳು,
ಮಂಚ ಬರಬೇಕಾದಲ್ಲಿ ತಲೆಯ ಮೇಲೆ ಅಂಗಳದ ದೀಪ,
ಮೂಲೆಯಲ್ಲಿ ತೋಟದ ನಲ್ಲಿ.
ಒಳಗೆ ಸಿಕ್ಕಿಬಿದ್ದು ಎಷ್ಟು ವರ್ಷವಾಯಿತೋ,
ಇನ್ನೂ ನಿಂಬೆಗಿಡಕ್ಕೆಂದೇ ತೊಟ್ಟಿಕ್ಕುತ್ತದೆ.
ಅಡುಗೆಮನೆಯ ಕಿಟಕಿಯೂ ಇಲ್ಲಿಗೇ ತೆರೆಯುತ್ತದೆ,
ಮನೆ ತನ್ನ ಹೊಟ್ಟೆಯನ್ನು ತಾನೇ ಇಣುಕಿದ ಹಾಗೆ.

ಕಟ್ಟಿದವನು ಗಾರೋ ಟೊಪೂಜಿಯನ್,
ಒಣದ್ರಾಕ್ಷಿ ಶೆಡ್ಡಿನಲ್ಲಿ ಪೆಟ್ಟಿಗೆಗೆ ಮೊಳೆ ಹೊಡೆಯುತ್ತಿದ್ದವನು.
ಬೈರೂತಿನಿಂದ ನಾದಿನಿ ಬರುತ್ತಾಳೆಂದು
ವರಾಂಡಕ್ಕೆ ಗೋಡೆ ಎಬ್ಬಿಸಿದ, ಭಾನುವಾರಗಳಲ್ಲಿ.
ಅರ್ಜಿ ತುಂಬಲು ಇಂಗ್ಲಿಷ್ ಬೇಕಿತ್ತು,
ಮೊಳೆಗೆ ಯಾವ ಭಾಷೆಯೂ ಬೇಕಿರಲಿಲ್ಲ.
ಬೇಲಿಯಾಚೆಯ ಮುದುಕಿ ಆಲ್ಬರ್ಟೀನ್ ನಗುತ್ತಾಳೆ:
‘ಬೀದಿಗೆಲ್ಲ ಗೊತ್ತಿತ್ತು, ಮಗಳೇ.
ಸುತ್ತಿಗೆಗೆ ಗುಟ್ಟು ಕಟ್ಟಲು ಬರುತ್ತದೆಯೇ?’

ನಾನು ಮಾರಿಸೆಲಾ. ಶಾಲೆಯ ಬಸ್ಸು ಓಡಿಸುತ್ತೇನೆ.
ಈ ಕೋಣೆಯ ಬಾಡಿಗೆಯನ್ನು ಬ್ಯಾಂಕಿನ ಕಂತಿನಲ್ಲಿ ಕಳೆದು
ಆಮೇಲೆಯೇ ಮನೆ ಕೊಂಡವಳು.

ಮೊದಲು ಬಂದವನು ರೆಮಿಹಿಯೊ, ರಾತ್ರಿ ಪಾಳಿ,
ಬಾಗಿಲಲ್ಲಿ ತಾನಾಗಿ ತಲೆ ತಗ್ಗಿಸಿದ.
ಏಳುನೂರು ಡಾಲರ್, ನಗದು, ಒಂದನೇ ತಾರೀಖಿಗೆ.
ಕಾಗದ ಸಿಗದೆ ಬಾಗಿಲ ಚೌಕಟ್ಟಿನ ಮೇಲೆಯೇ
ಪೆನ್ಸಿಲಿನಲ್ಲಿ ನಂಬರು ಬರೆದು ಹೋದ.

‘ಬಣ್ಣ ಬಳಿ, ಬೀಗ ಕೊಡು,’ ಅಂದಿದ್ದ
ಎಲೆಕ್ಟ್ರಿಷಿಯನ್ ಟೂ ಶಿಯಾಂಗ್, ‘ಕೇಳೋರ್ಯಾರು?’
ಆಮೇಲೆ ಸ್ವಿಚ್ಚು ಬಿಚ್ಚಿದ.
ಹಿಂದಿನ ಮರ ಅಂಗೈಯಗಲ ಕಪ್ಪು.
ಬೆರಳಿಂದ ಉಜ್ಜಿದ, ಮೂಸಿದ,
ನನ್ನ ಮೂಗಿಗೂ ಹಿಡಿದ.
ಮಾತಾಡಲಿಲ್ಲ.

ಮರುದಿನ ನಾನೇ ಹೋಗಿ ಸಾಲಿನಲ್ಲಿ ನಿಂತೆ.

ಇನ್‌ಸ್ಪೆಕ್ಟರ್ ಡೆನೀಸ್ ಟೇಪು ಎಳೆದಳು:
ಆರಡಿ ಹನ್ನೊಂದಿಂಚು. ಏಳಡಿ ಬೇಕು.
‘ಒಂದಿಂಚಿಗೆ ಯಾರಾದರೂ ಸಾಯ್ತಾರಾ?’
‘ಇಲ್ಲ. ತಂತಿಗೆ ಸಾಯ್ತಾರೆ.
ನನ್ನ ಹತ್ತಿರ ಇರೋದು ಎರಡಕ್ಕೂ ಒಂದೇ ಫಾರಂ.’

ಸೂರು ಏಳಲೊಲ್ಲದು, ನೆಲ ಇಳಿಯಬೇಕು.
ಲಿನೋಲಿಯಂ ಕಿತ್ತಾಗ ಕಾಂಕ್ರೀಟಿನಲ್ಲೊಂದು ಮಗುವಿನ ಅಂಗೈ,
ಕೆಳಗೆ ಅರ್ಮೇನಿಯನ್ನಿನಲ್ಲಿ ನಾಲ್ಕಕ್ಷರ,
ಹೆಸರೋ ದಿನವೋ ತಿಳಿಯದು.
ಡ್ರಿಲ್ ಹಿಡಿದ ಹುಡುಗ ನನ್ನ ಮುಖ ನೋಡಿದ.
ಅಷ್ಟನ್ನು ಚೌಕವಾಗಿ ಕೊಯ್ಸಿ
ನಿಂಬೆಗಿಡದ ಬುಡಕ್ಕೆ ಮೆಟ್ಟಿಲು ಮಾಡಿದೆ.
ಮೆಟ್ಟಿಲು ಅಂತ ಹೆಸರು. ಯಾರೂ ಮೆಟ್ಟುವುದಿಲ್ಲ.

ತಂತಿ ಹೊಸದು, ಕಿಟಕಿ ಹೊಸದು, ನಲ್ಲಿ ಹೋಯಿತು.
ನವೆಂಬರಿನಲ್ಲಿ ಸಹಿ ಬಿತ್ತು.
ಅಕ್ರಮ ಸಕ್ರಮವಾಯಿತು:
ಒಂದಕ್ಷರ ತಿದ್ದಲು ಹತ್ತೊಂಬತ್ತು ಸಾವಿರ ಡಾಲರ್,
ಮೇಲೆ ತೆರಿಗೆ.
ಕಡತದಲ್ಲೀಗ ಮೂರು ಕೋಣೆ.
ಎಷ್ಟು ಸಲ ಕೂಡಿ ಕಳೆದರೂ ಬಾಡಿಗೆ ಸಾವಿರದ ನೂರಕ್ಕಿಂತ ಕೆಳಗಿಳಿಯದು.

ರೆಮಿಹಿಯೊಗೆ ಫೋನು ಮಾಡಿದೆ.
ಪೂರ್ತಿ ಕೇಳಿಸಿಕೊಂಡ. ‘ನಲ್ಲಿ ತೆಗೆದಿರಾ?’ ಅಂದ.
ಅವನಿಗೆ ಬೇರೆ ಕಡೆ ಸಿಕ್ಕಿದೆಯಂತೆ, ಒಂದು ಗ್ಯಾರೇಜು,
ಕಿಟಕಿ ಇಲ್ಲ, ಆರುನೂರು,
ಓನರು ಒಳ್ಳೆಯವನು, ಈಗಷ್ಟೇ ಬಣ್ಣ ಹೊಡೆಸಿದ್ದಾನೆ.
ಒಳ್ಳೆಯದಾಯಿತು ಅಂದೆ.
ಫೋನಿಟ್ಟ ಮೇಲೆ ಮೂಗಿಗೆ ಆ ವಾಸನೆ ಬಂತು.

ಕೋಣೆಗೆ ಬಿಳಿ ಬಳಿದದ್ದು ನಾನೇ.
ಚೌಕಟ್ಟಿನ ನಂಬರಿನ ಸುತ್ತ ಕುಂಚ ನಿಂತುಬಿಟ್ಟಿದೆ.
ಹೇಳಬೇಕು ಅವನಿಗೆ:
ಸ್ವಿಚ್ಚು ಒಮ್ಮೆ ಬಿಚ್ಚಿಸಿ ನೋಡು.
ಗಡಿಯಾರ ನೋಡುತ್ತೇನೆ. ಹಗಲು ಹನ್ನೊಂದು.
ಈಗ ಅವನು ಮಲಗಿರುತ್ತಾನೆ.